ಹೊಸನಗರದ ಕಡೆ ನಮ್ಮ ಖಾತೆಯ ಪಾಳುಭೂಮಿಯಲ್ಲಿ ಮತ್ತೆ ಕಾಡು ಬೆಳೆಸಲು ಸರ್ಕಾರದ ನೆರವು ಸಿಗುತ್ತದೆಯೇ?

ನಿಮ್ಮ ಉದ್ದೇಶಕ್ಕೆ ಹೆಚ್ಚು ಹತ್ತಿರವಾದದ್ದು ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. 2011–12ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದ ಸಸಿಗಳನ್ನು ಪಡೆದು ನೆಟ್ಟವರಿಗೆ, ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50 ರೂಪಾಯಿ ಪ್ರೋತ್ಸಾಹಧನ ನಿಗದಿಯಾಗಿದೆ. ಉಳಿದ ಸಸಿಗೆ ಮಾತ್ರ ಹಣ ಬರುವುದರಿಂದ ದನ ನುಗ್ಗದಂತೆ ಬೇಲಿಯನ್ನೂ ಬೇಸಿಗೆಯ ನೀರನ್ನೂ ಮೊದಲೇ ಯೋಚಿಸಿಕೊಳ್ಳಬೇಕು.

ದಯವಿಟ್ಟು ಸಾಗುವಾನಿಯೊಂದನ್ನೇ ತುಂಬಬೇಡಿ. ಕಾಡು ಮರಳಬೇಕೆಂದರೆ ಹಕ್ಕಿಗಳಿಗೂ ಹಣ್ಣು ಸಿಗಬೇಕು; ಕಾಡುಹಣ್ಣು ತಿನ್ನುವ ದೊಡ್ಡ ಕೊಕ್ಕಿನ ಮಂಗಟ್ಟೆಹಕ್ಕಿಗೆ ಸಾಗುವಾನಿಯಲ್ಲಿ ಆಹಾರವಿಲ್ಲ. ಗೋಳಿ, ನೇರಳೆ, ಹಲಸು, ತೇವದ ಕಡೆಗೆ ರಾಮಪತ್ರೆಯ (ಜಾಯಿಕಾಯಿ ಬಳಗದ ಕಾಡುಮರ) ಸಸಿಗಳನ್ನು ಕೇಳಿ ನೋಡಿ.

ತೋಟಕ್ಕೆ ಸೊಪ್ಪು ತರಲು ರೈತರಿಗೆ ಬಿಟ್ಟುಕೊಟ್ಟ ಸೊಪ್ಪಿನಬೆಟ್ಟವನ್ನು ಮಾತ್ರ ಖಾಸಗಿ ಜಮೀನೆಂದು ಎಣಿಸಬಾರದು, ಅದರ ಒಡೆತನ ಸರ್ಕಾರದ್ದು. ಖಾತೆ ಜಮೀನಿನ ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮಳೆಗಾಲಕ್ಕೆ ಮುಂಚಿತವಾಗಿಯೇ ವಿಚಾರಿಸಿ.