‘ಹೊಡೆತ ಬಿತ್ತು’ ಎಂದು ಬರೆದವರಿಗೆ ಕೊಟ್ಟ ಸಲಹೆ

ಹೆಸರು, ಊರು, ಅಪರಾಧದ ವಿವರ ಎಲ್ಲವನ್ನೂ ಬದಲಿಸಿದೆ. ಇದೊಂದೇ ಪ್ರಕರಣವಾಗಿದ್ದರೆ ಬರೆಯುತ್ತಿರಲಿಲ್ಲ. ಜೈಲಿನ ಚಾರಿತ್ರ್ಯ ಶಿಕ್ಷಣದ ತರಗತಿಯಲ್ಲಿ ಮುಂದಿನ ಸಾಲಲ್ಲಿ ಕೂತು, ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟು, ಬಿಡುಗಡೆ ಹತ್ತಿರ ಬಂದಾಗ ಕೈಕಾಲು ಆಡದೆ ನಿಲ್ಲುವವರು ಮತ್ತೆ ಮತ್ತೆ ಸಿಗುತ್ತಾರೆ.

ಇವರನ್ನು ‘ಮ’ ಎನ್ನೋಣ. ಕುಡಿದ ಜಗಳದಲ್ಲಿ ಜೊತೆ ಕೆಲಸಗಾರನ ಕೈ ಶಾಶ್ವತವಾಗಿ ಊನ ಮಾಡಿದ ಪ್ರಕರಣ. ಮೇಲ್ಮನವಿ ಮುಗಿದಿದೆ, ಬಿಡುಗಡೆಗೆ 7 ತಿಂಗಳಿದೆ. ನಡತೆಯ ದಾಖಲೆಯಲ್ಲಿ ಒಂದು ಚುಕ್ಕೆ ಇಲ್ಲ. ತಾಳ್ಮೆ ಎಂದರೇನು, ಪ್ರಾಮಾಣಿಕತೆ ಎಂದರೇನು ಎಂದು ಕೇಳಿದರೆ ಪಟಪಟನೆ ಹೇಳುತ್ತಾರೆ. ನನ್ನ ಹತ್ತಿರ ಬಂದದ್ದು ಸಣ್ಣ ಕೆಲಸಕ್ಕೆ: ಗಾಯಗೊಂಡವರಿಗೆ ಬರೆದ ಕ್ಷಮಾಪಣೆ ಪತ್ರ ಸರಿಯಾಗಿದೆಯೇ ನೋಡಿ ಹೇಳಬೇಕಂತೆ.

ಅವರಿಂದಲೇ ಗಟ್ಟಿಯಾಗಿ ಓದಿಸಿದೆ. ‘ಮಾತಿಗೆ ಮಾತು ಬೆಳೆಯಿತು. ಸಿಟ್ಟು ನೆತ್ತಿಗೇರಿತು. ಕೈಗೆ ಸರಳು ಸಿಕ್ಕಿತು. ಹೊಡೆತ ಬಿತ್ತು. ನಿಮಗೆ ಪೆಟ್ಟಾಯಿತು. ನನ್ನಿಂದ ದೊಡ್ಡ ತಪ್ಪಾಗಿಹೋಯಿತು.’ ಹೀಗೇ ಸಾಗುವ, ಕೇಳಿದವರ ಕರುಳು ಚುರುಕ್ ಅನ್ನಿಸುವ ಪತ್ರ. ಪೆನ್ಸಿಲ್ ಕೊಟ್ಟು, ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆದು ಪಕ್ಕದಲ್ಲಿ ‘ಯಾರು?’ ಎಂದು ಬರೆಯಲು ಹೇಳಿದೆ. ಒಟ್ಟು 11 ಸಿಕ್ಕವು. ‘ನಾನು’ ಇದ್ದದ್ದು ಎರಡರಲ್ಲಿ: ‘ನಾನು ನೊಂದಿದ್ದೇನೆ’, ‘ನಾನು ಕ್ಷಮೆ ಕೇಳುತ್ತೇನೆ’. ಉಳಿದ ಒಂಬತ್ತರಲ್ಲಿ ಮಾತು ತಾನೇ ಬೆಳೆದಿತ್ತು, ಸರಳು ತಾನಾಗಿ ಕೈಗೆ ಬಂದಿತ್ತು.

ಇದರಲ್ಲಿ ಮೋಸವೇನೂ ಇಲ್ಲ. ಕನ್ನಡ ಇಂಥ ಹೊತ್ತಿನಲ್ಲಿ ಧಾರಾಳವಾಗಿ ಆಸರೆ ಕೊಡುತ್ತದೆ. ಲೋಟ ಜಾರಿದರೂ ‘ಒಡೆದುಹೋಯಿತು’, ಎತ್ತಿ ಕುಕ್ಕಿದರೂ ‘ಒಡೆದುಹೋಯಿತು’. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ 1957ರಲ್ಲಿ, ತಪ್ಪು ಮಾಡಿದವರು ಅದರ ಭಾರ ಇಳಿಸಿಕೊಳ್ಳುವ 5 ಬಗೆಗಳನ್ನು ಗುರುತಿಸಿದರು: ನನ್ನ ಕೈಮೀರಿತ್ತು, ಅಂಥಾ ಹಾನಿ ಏನಾಗಿಲ್ಲ, ಅವನಿಗೆ ಆಗಬೇಕಾದ್ದೇ, ಹೇಳೋಕೆ ಬಂದವರೇನು ಸಾಚಾನಾ, ನನ್ನವರಿಗೋಸ್ಕರ ಮಾಡಿದೆ. ಮ ಅವರ ಪತ್ರದಲ್ಲಿ ಕೊನೆಯ ನಾಲ್ಕರ ಸುಳಿವಿಲ್ಲ. ಮೊದಲನೆಯದು ಮಾತ್ರ ವಾಕ್ಯವಾಕ್ಯದಲ್ಲೂ ಇತ್ತು.

ತಿದ್ದುವಾಗ ಒಂದು ಎಚ್ಚರ ಬೇಕು. ‘ಸಿಟ್ಟು ಬಂತು’ ಎಂಬುದನ್ನು ಹಾಗೇ ಬಿಡಬೇಕು, ಸಿಟ್ಟು ಬರುವುದು ಬರುವುದೇ. ಭಾವನೆಗೂ ‘ನಾನು’ ಹಚ್ಚಲು ಹೋದರೆ ಆತ ಇಡೀ ಅಭ್ಯಾಸವನ್ನೇ ನಾಟಕವೆಂದು ತಳ್ಳಿಹಾಕುತ್ತಾನೆ. ಕೈಕಾಲು ಮಾಡಿದ್ದಕ್ಕೆ ಮಾತ್ರ ಕರ್ತೃ ಬೇಕು. ‘ಕೈಗೆ ಸರಳು ಸಿಕ್ಕಿತು’ ಎಂಬ ಒಂದು ಸಾಲು ಬಿಡಿಸಿದಾಗ ಮೂರಾಯಿತು: ಗೋಡೆ ಕಡೆ ನೋಡಿದೆ. ನಾಲ್ಕು ಹೆಜ್ಜೆ ಹೋದೆ. ಸರಳು ತಗೊಂಡೆ.

‘ನಾಲ್ಕು ಹೆಜ್ಜೆ’ ಎಂದು ಬರೆದವರು ಪೆನ್ಸಿಲ್ ಕೆಳಗಿಟ್ಟರು. ಬಹಳ ಹೊತ್ತಾದ ಮೇಲೆ ಅಂದರು: “ಮೇಡಂ, ನಡೆದಿದ್ದು ನಾನೇ ಅಂದ್ರೆ, ನಿಂತ್ಕೊಳೋದೂ ನನ್ ಕೈಲೇ ಇತ್ತು ಅಂತಾಯ್ತಲ್ಲ.”

ಇಂಥ ಮಾತು ಬಂದ ದಿನವನ್ನು ಗೆಲುವೆಂದು ಬರೆದುಕೊಂಡು ಎದ್ದುಹೋಗಬಾರದು. ಅಂದಿನ ರಾತ್ರಿ ಕಷ್ಟದ್ದು. ಅದಕ್ಕೇ ಈ ಅಭ್ಯಾಸವನ್ನು ಭೇಟಿಯ ಕೊನೆಯ ಹತ್ತು ನಿಮಿಷದಲ್ಲಿ ಶುರುಮಾಡುವುದಿಲ್ಲ, ಸಾಲುರಜೆಯ ಹಿಂದಿನ ದಿನ ಇಟ್ಟುಕೊಳ್ಳುವುದಿಲ್ಲ. ಸಾಯಬೇಕು ಅನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬುದು ತಪ್ಪು ಭಯ. ಮರುದಿನವೇ ಇನ್ನೊಂದು ಭೇಟಿ ಗೊತ್ತುಮಾಡಿದೆ.

ಆ ಎರಡನೇ ಭೇಟಿಗೆ ಅವರ ಬಿಡುಗಡೆಯ ಯೋಜನೆ ತರಿಸಿದೆ. ತರಗತಿಯಲ್ಲಿ ಮೆಚ್ಚುಗೆ ಪಡೆದ ಹಾಳೆ ಅದು. ‘ಕೆಲಸ ಸಿಗುತ್ತದೆ. ಕುಡಿತ ಬಿಟ್ಟುಹೋಗುತ್ತದೆ. ಮನೆಯಲ್ಲಿ ಎಲ್ಲ ಸರಿಹೋಗುತ್ತದೆ.’ ಅದೇ ವ್ಯಾಕರಣ! ನಿನ್ನೆ ಹೊಡೆತ ತಾನೇ ಬಿದ್ದಿತ್ತು, ನಾಳೆ ಕುಡಿತ ತಾನೇ ಬಿಡಲಿದೆ. ಅವರೇ ಪೆನ್ಸಿಲ್ ಕೇಳಿ ತೆಗೆದುಕೊಂಡರು.

ಕೊಟ್ಟ ಸಲಹೆ ಇಷ್ಟು. ಮೊದಲನೆಯದು, ಪತ್ರವನ್ನು ಕಳಿಸಬೇಡಿ. ಗಾಯಗೊಂಡವರನ್ನು ಸಂಪರ್ಕಿಸದಂತೆ ಆದೇಶ ಇರಬಹುದು. ಇಲ್ಲದಿದ್ದರೂ, ಕೇಳದೆ ಬಂದ ಕ್ಷಮಾಪಣೆ ಅವರ ಪಾಲಿಗೆ ಇನ್ನೊಂದು ಆಘಾತವಾಗಬಲ್ಲದು. ಅವರಾಗಿ ಬಯಸಿ, ಮಧ್ಯಸ್ಥರ ಮೂಲಕ ಕೇಳಿದಾಗ ಮಾತ್ರ ಅದಕ್ಕೆ ಜಾಗ. ಎರಡನೆಯದು, ವಾರಕ್ಕೆ ಒಂದೇ ಮಾತು ಕೊಡಿ, ಅದೂ ಏಳು ದಿನದಲ್ಲಿ ಮುಗಿಯುವಂಥದ್ದು, ಹೊತ್ತು ಮತ್ತು ಜಾಗ ಸಮೇತ. ‘ಸಿಟ್ಟು ಕಡಿಮೆ ಮಾಡ್ತೀನಿ’ ನಡೆಯದು. ‘ಸರದಿಯಲ್ಲಿ ಯಾರಾದರೂ ತಳ್ಳಿದರೆ ಎರಡು ಹೆಜ್ಜೆ ಹಿಂದೆ ಹೋಗಿ ನಿಲ್ತೀನಿ’ ನಡೆಯುತ್ತದೆ. ತಪ್ಪಿದ ವಾರ ಕಾರಣ ಬರೆಯಬೇಡಿ, ‘ಮಾಡಲಿಲ್ಲ’ ಎಂದಷ್ಟೇ ಬರೆದು ಅದೇ ಮಾತನ್ನು ಮುಂದಿನ ವಾರಕ್ಕೆ ಇನ್ನೂ ಚಿಕ್ಕದು ಮಾಡಿ. ಇಲ್ಲಿ ಹೆಚ್ಚಿನವರು ಕೆಡುವುದು ಮೊದಲ ವಾರವೇ ಐದು ಮಾತು ಕೊಟ್ಟು. ಮೂರನೆಯದು, ಬಿಡುಗಡೆಯ ಮೊದಲ 72 ಗಂಟೆಯನ್ನು ಗಂಟೆ ಗಂಟೆಯಾಗಿ ಬರೆಯಿರಿ: ಗೇಟಿನಿಂದ ಯಾವ ದಾರಿ, ರಾತ್ರಿ ಎಲ್ಲಿ, ಗುರುತಿನ ಕಾಗದ ಯಾರ ಹತ್ತಿರ, ಹಳೆಯ ಗೆಳೆಯ ‘ಬಾ ಒಂದು ಲೋಟ’ ಅಂದರೆ ಬಾಯಲ್ಲಿ ಬರಬೇಕಾದ ವಾಕ್ಯ.

ಇದನ್ನು ಓದಿ ಪ್ರಯೋಗಿಸಲು ಹೊರಡುವವರಿಗೆ: ವಿಚಾರಣೆಯೋ ಮೇಲ್ಮನವಿಯೋ ಬಾಕಿ ಇದ್ದರೆ ‘ನಾನು ಹೊಡೆದೆ’ ಎಂದು ಕಾಗದದ ಮೇಲೆ ಬರೆಸಲೇಬೇಡಿ. ಜೈಲಿನ ನೋಟುಪುಸ್ತಕ ಯಾರ ಕೈಗೂ ಹೋಗಬಹುದು, ವಕೀಲರನ್ನು ಕೇಳದೆ ಬರೆಸುವುದು ಅನ್ಯಾಯ. ಅಂಥವರ ಜೊತೆ ದಿನನಿತ್ಯದ ಸಣ್ಣ ಜಗಳ ತೆಗೆದುಕೊಂಡರೂ ಅಭ್ಯಾಸ ಸಾಗುತ್ತದೆ. ಗುಟ್ಟು ಎಲ್ಲಿಯವರೆಗೆ ಕಾಪಾಡಬಲ್ಲಿರಿ, ಯಾವುದನ್ನು ಅಧಿಕಾರಿಗಳಿಗೆ ಹೇಳಲೇಬೇಕಾಗುತ್ತದೆ ಎಂಬುದನ್ನು ಮೊದಲ ದಿನವೇ ತಿಳಿಸಿ.

ಇದು ತಪ್ಪು ಒಪ್ಪಿಸಿ ಮಣಿಸುವ ವಿಧಾನ ಎಂಬ ಆಕ್ಷೇಪ ಬಂದಿದೆ. ಆಕ್ಷೇಪದಲ್ಲಿ ಹುರುಳಿದೆ. ನೆಪ ಹೇಳುವುದೆಲ್ಲ ಅಪರಾಧಿ ಮನಸ್ಸಿನ ಲಕ್ಷಣವಲ್ಲ, ಅದು ಎಲ್ಲರೂ ಮಾಡುವ ಕೆಲಸ ಎಂದು ಅಪರಾಧಶಾಸ್ತ್ರಜ್ಞ ಶ್ಯಾಡ್ ಮರುನಾ ಮತ್ತು ಮನೋವಿಜ್ಞಾನಿ ರೂತ್ ಮನ್ 2006ರಲ್ಲೇ ವಾದಿಸಿದ್ದಾರೆ. ‘ನಾನು ಕೆಟ್ಟವನು’ ಎಂದು ಹೇಳಿಸುವುದು ನನಗೂ ಬೇಡ. ಹಾಗೆ ಅಂದುಕೊಂಡವನು ಮುಂದೆ ಒಳ್ಳೆಯದು ಮಾಡಲು ಕಾರಣವೇ ಉಳಿಯುವುದಿಲ್ಲ. ‘ನಾನು ಮಾಡಿದೆ’ ಎಂಬುದು ಬೇರೆ. ನಿನ್ನೆಯ ಕ್ರಿಯಾಪದಕ್ಕೆ ಕರ್ತೃ ಯಾರೆಂದು ಕೇಳುವುದು, ನಾಳೆಯದಕ್ಕೂ ಕರ್ತೃ ಸಿಗಲಿ ಅಂತ. ತರಗತಿಗಳಲ್ಲಿ ನಾವು ಕಲಿಸುತ್ತಿರುವುದು ಬಹುಪಾಲು ನಾಮಪದಗಳು: ಸಹನೆ, ಗೌರವ, ಜವಾಬ್ದಾರಿ. ಪರೀಕ್ಷೆ ಮಾಡುವುದು ಸುಲಭ, ಪ್ರಮಾಣಪತ್ರ ಕೊಡುವುದೂ ಸುಲಭ.

ಮ ಅವರ 72 ಗಂಟೆಯ ಹಾಳೆ ನಾಲ್ಕು ಸಲ ತಿದ್ದಿಸಿಕೊಂಡಿತು. ಮೂರನೇ ಸಲವೂ ಒಂದು ಸಾಲು ಹಾಗೇ ಉಳಿದಿತ್ತು: ‘ಅಮ್ಮ ಬಾಗಿಲು ತೆಗೀತಾರೆ.’ ಆ ಕ್ರಿಯಾಪದ ನಿಮ್ಮದಲ್ಲ, ಅಮ್ಮನದು ಎಂದೆ. ಒಂದು ವಾರ ಬಿಟ್ಟು ಬಂದರು. ಆ ಸಾಲು ಹೊಡೆದುಹಾಕಿ ಕೆಳಗೆ ಬರೆದಿದ್ದರು: ‘ಬಾಗಿಲು ತಟ್ತೀನಿ. ತೆಗೀದಿದ್ರೆ ಚೀಟಿ ಇಟ್ಟು, ರಾತ್ರಿ ಉಳಿಯೋ ಜಾಗಕ್ಕೆ ಏಳು ಗಂಟೆ ಒಳಗೆ ವಾಪಸ್ ಹೋಗ್ತೀನಿ. ಭಾನುವಾರ ಮತ್ತೆ ತಟ್ತೀನಿ.’