641 ಎಲ್ಲಿಂದ ಬಂತು ಎಂಬುದನ್ನು ಬರೆಯಿರಿ

ಗಂಗಾವತಿಯ ಮಾನ್ಯ ಗಣಿತ ಮೇಷ್ಟ್ರಿಗೆ, ಬಳ್ಳಾರಿಯಿಂದ ಸಂಪಾದಕರ ನಮಸ್ಕಾರಗಳು.

4,29,49,67,297 ಎಂಬ ಸಂಖ್ಯೆಯ ಕುರಿತು ನೀವು ಕಳುಹಿಸಿದ ಒಂಬತ್ತು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಆರನೆಯ ಪುಟದಲ್ಲಿ, ಅದನ್ನು ಶೇಷವಿಲ್ಲದೆ ಭಾಗಿಸುವ 641ರ ಬಗ್ಗೆ ನೀವು ಬರೆದು ಮುಂದೆ ಸಾಗಿಬಿಟ್ಟ ‘641 ಎಂದರೆ 625 ಮತ್ತು 16’ ಎಂಬ ಸಾಲು ನನ್ನನ್ನು ಬಿಡುತ್ತಿಲ್ಲ.

ಆ ದೊಡ್ಡ ಸಂಖ್ಯೆಯ ಅಂಕಿಗಳ ಮೊತ್ತ 59, ಭಾಜಕಗಳು ನಾಲ್ಕೇ, ದ್ವಿಮಾನ ಪದ್ಧತಿಯಲ್ಲಿ ಬರೆದರೆ ಎರಡು ಒಂದುಗಳ ನಡುವೆ 31 ಸೊನ್ನೆಗಳು: ಇವೆಲ್ಲ ಸರಿಯಾಗಿವೆ, ನಾನೂ ಲೆಕ್ಕ ಹಾಕಿ ನೋಡಿದೆ. ಆದರೆ ಕಿರಾಣಿ ಅಂಗಡಿಯ ಚೀಟಿಯಂತೆ ಒಂದರ ಕೆಳಗೊಂದು ಬಂದಾಗ, ಯಾವುದರ ಮುಂದೆ ನಿಲ್ಲಬೇಕೆಂದು ಓದುಗರಿಗೆ ತಿಳಿಯುವುದಿಲ್ಲ. ಅಂಕಿಗಳ ಮೊತ್ತ ಯಾವ ಸಂಖ್ಯೆಗಾದರೂ ಇರುತ್ತದೆ. ಮಹಾವೀರಾಚಾರ್ಯರನ್ನು ಸ್ಮರಿಸುವ ಮೊದಲ ಪುಟವನ್ನೂ ಕೈಬಿಡಿ. ಅಮೋಘವರ್ಷನ ಕಾಲದ ಆ ಗಣಿತಜ್ಞರ ಮೇಲೆ ನನಗೂ ನಿಮ್ಮಷ್ಟೇ ಅಭಿಮಾನವಿದೆ, ಆದರೆ ಈ ಸಂಖ್ಯೆಗೂ ಅವರಿಗೂ ಸಂಬಂಧವಿಲ್ಲ.

ಸಂಬಂಧವಿರುವುದು ಫ್ರೆಂಚ್ ಗಣಿತಜ್ಞ ಫರ್ಮಾ ಅವರಿಗೆ. 2ರ 32ನೆಯ ಘಾತಕ್ಕೆ 1 ಕೂಡಿಸಿದರೆ ಸಿಗುವ ಈ ಸಂಖ್ಯೆಯೂ, 2ರ 1, 2, 4, 8, 16ನೆಯ ಘಾತಗಳಿಗೆ 1 ಕೂಡಿಸಿದಾಗ ಸಿಗುವ ಇದೇ ಸಾಲಿನ 3, 5, 17, 257, 65,537ರಂತೆ ಅವಿಭಾಜ್ಯವೆಂದು ಅವರು 17ನೆಯ ಶತಮಾನದಲ್ಲಿ ನಂಬಿದ್ದರು. ಇದು 641 ಮತ್ತು 67,00,417ರ ಗುಣಲಬ್ಧವೆಂದು 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ತೋರಿಸಿದರು. ಇಲ್ಲಿ ನೀವು ‘ಅದೃಷ್ಟವಶಾತ್ 641 ಅವರ ಕೈಗೆ ಸಿಕ್ಕಿತು’ ಎಂದು ಬರೆದಿದ್ದೀರಿ. ನನ್ನ ಮುಖ್ಯ ತಕರಾರು ಈ ಮಾತಿನ ಬಗ್ಗೆಯೇ. ಸುಮ್ಮನೆ ಹುಡುಕಿದರೆ ಆರು ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕಾಗಬಹುದಿತ್ತು. ಆದರೆ ಈ ಸಂಖ್ಯೆಯನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕೆಂದು ಆಯ್ಲರ್ ಮುಂದೆ ಸಾಧಿಸಿ ತೋರಿಸಿದರು. ನಿಮ್ಮೂರಿನ ಅಕ್ಕಿ ಗಿರಣಿಯಲ್ಲಿ ನುಚ್ಚನ್ನು ಬೇರ್ಪಡಿಸುವ ಜರಡಿಯಂಥದ್ದು ಈ ನಿಯಮ. ಅದರಲ್ಲಿ ಉಳಿಯುವವು 193, 257, 449, 577, ಐದನೆಯದೇ 641!

ಇನ್ನು ನಿಮ್ಮ ಆರನೆಯ ಪುಟದ ಸಾಲು. 5×128 ಎಂಬುದು 641ಕ್ಕಿಂತ ಒಂದು ಕಡಿಮೆ. ಆದ್ದರಿಂದ ಅದರ ನಾಲ್ಕನೆಯ ಘಾತವನ್ನು 641ರಿಂದ ಭಾಗಿಸಿದರೆ ಶೇಷ 1. ಆ ಘಾತವೆಂದರೆ 625 ಮತ್ತು 2ರ 28ನೆಯ ಘಾತದ ಗುಣಲಬ್ಧ. 625 ಮತ್ತು 16 ಸೇರಿ 641 ಆಗುವುದರಿಂದ, ಶೇಷದ ಲೆಕ್ಕದಲ್ಲಿ 625ರ ಜಾಗಕ್ಕೆ ಋಣ 16ನ್ನು ಇಡಬಹುದು; 16 ಎಂದರೆ 2ರ 4ನೆಯ ಘಾತವಾದ್ದರಿಂದ, ಇಟ್ಟೊಡನೆ 2ರ 32ನೆಯ ಘಾತದ ಶೇಷ ಋಣ 1 ಆಗುತ್ತದೆ, ಅದಕ್ಕೆ 1 ಕೂಡಿಸಿದರೆ ಸೊನ್ನೆ. ನಾನೂರು ಕೋಟಿ ಮೀರಿದ ಸಂಖ್ಯೆಯನ್ನು ಒಮ್ಮೆಯೂ ಉದ್ದದ ಭಾಗಾಕಾರಕ್ಕೆ ಒಡ್ಡದೆ ನಿಮ್ಮ ಹತ್ತನೆಯ ತರಗತಿಯ ಮಕ್ಕಳು ಇದನ್ನು ಕಪ್ಪುಹಲಗೆಯ ಮೇಲೆ ಸಾಧಿಸಬಲ್ಲರು. ಇಷ್ಟು ಸೊಗಸಾದ ವಾದವನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದಕ್ಕೆ ನಿಜಕ್ಕೂ ಬೇಸರವಾಯಿತು.

ಜರಡಿಯನ್ನೂ ಈ ವಾದವನ್ನೂ ಮಾತ್ರ ಇಟ್ಟುಕೊಂಡು, ತರಗತಿಯಲ್ಲಿ ನೀವು ಹೇಳಿಕೊಡುವ ಕ್ರಮದಲ್ಲೇ ನಾಲ್ಕು ಪುಟ ಬರೆದು ನನ್ನ ಹೆಸರಿಗೆ ಕಳುಹಿಸಿ.

ಸಂಪಾದಕ