ಕರೆಂಟ್ ಆಮೇಲೆ, ಮೊದಲು ಪರೀಕ್ಷೆ ಮಾಡಿಸಿ

ಅಪಘಾತವಾಗಿ ಮೂರು ತಿಂಗಳಾದರೂ ಪ್ರಜ್ಞೆ ಬಾರದ ಅಣ್ಣನಿಗೆ ಮಣಿಕಟ್ಟಿನ ನರಕ್ಕೆ ಕರೆಂಟ್ ಕೊಡಿಸಲಾ, ಕುತ್ತಿಗೆಯ ನರಕ್ಕಾ ಎಂದು ಕೇಳಿದ್ದೀರಿ. ನನ್ನ ತಮ್ಮನಿಗಾಗಿ ನಾನೂ ಇದೇ ಪ್ರಶ್ನೆ ಹಿಡಿದು ಅಲೆದಿದ್ದೇನೆ. ನನ್ನನ್ನು ಕೇಳಿದರೆ ಇದು ಈಗ ಕೇಳಬೇಕಾದ ಪ್ರಶ್ನೆಯೇ ಅಲ್ಲ.

ಅವನು ಬೈಕಿನಿಂದ ಬಿದ್ದಿದ್ದ. ಕಣ್ಣು ಬಿಡುತ್ತಿದ್ದ, ನಿದ್ದೆ ಮಾಡುತ್ತಿದ್ದ, ಕರೆದರೆ ಮಾತ್ರ ಏನೂ ಇಲ್ಲ. ಒಂದು ಖಾಸಗಿ ಸೆಂಟರ್‌ನವರು ಬಲ ಮಣಿಕಟ್ಟಿಗೆ, ಅಂಗೈ ಕಡೆ, ಪ್ಯಾಡ್ ಅಂಟಿಸಿದರು. ಮೀಡಿಯನ್ ನರ ಅಲ್ಲಿ ಚರ್ಮಕ್ಕೆ ಹತ್ತಿರ ಹಾದುಹೋಗುತ್ತದೆ. 20 ಸೆಕೆಂಡ್ ಕರೆಂಟ್, 40 ಸೆಕೆಂಡ್ ಬಿಡುವು, ಹೀಗೇ ಗಂಟೆಗಟ್ಟಲೆ. ಅದು ಮಿದುಳಿನ ಕಾಂಡದವರೆಗೆ ಹೋಗಿ ಎಚ್ಚರ ತರುವ ಜಾಲವನ್ನು ಕೆಣಕುತ್ತದೆ ಎನ್ನುವುದು ಲೆಕ್ಕಾಚಾರ. ಹೆಬ್ಬೆರಳು ಅದುರಿದಾಗಲೆಲ್ಲ ಅಮ್ಮ "ನೋಡು, ಕೈ ಆಡಿಸ್ತಿದಾನೆ" ಅನ್ನುತ್ತಿದ್ದರು. ಆಡಿಸುತ್ತಿದ್ದದ್ದು ಕರೆಂಟು.

ನಾವು ಮಾಡಿದ ತಪ್ಪು ಇದು. ಪ್ಯಾಡ್ ಅಂಟಿಸುವ ಮೊದಲು ಅವನ ಸ್ಥಿತಿಯನ್ನು ಸರಿಯಾಗಿ ಅಳೆಸಲಿಲ್ಲ. ಫೈಲಿನಲ್ಲಿ "ವೆಜಿಟೇಟಿವ್" ಎಂದಿತ್ತು, ಅಂದರೆ ಕಣ್ಣು ಬಿಟ್ಟಿದ್ದರೂ ಅರಿವಿಲ್ಲ ಎಂದು; ನಂಬಿದೆವು. ಪ್ರಜ್ಞೆ ಎಷ್ಟಿದೆ ಎಂದು ಅಳೆಯುವ ಸಿಆರ್‌ಎಸ್-ಆರ್ ಎಂಬ ಪರೀಕ್ಷೆ ಇದೆ. ಹಾಸಿಗೆ ಪಕ್ಕದಲ್ಲೇ ಕೂತು ಮಾಡುವಂಥದ್ದು, 23 ಅಂಕದ್ದು. ಒಂದು ಸಲ ಮಾಡಿದರೆ ಸಾಲದು. ಇಂಥವರ ಎಚ್ಚರ ಗಂಟೆಗೊಂದು ಥರ ಇರುತ್ತದೆ, ಆದ್ದರಿಂದ ಬೇರೆ ಬೇರೆ ಹೊತ್ತಿನಲ್ಲಿ ಕನಿಷ್ಠ ಐದು ಸಲ ಆಗಬೇಕು. ಮುಖದ ಮುಂದೆ ಕನ್ನಡಿ ಹಿಡಿದು ನಿಧಾನವಾಗಿ ಸರಿಸುತ್ತಾರೆ. ಪೆನ್ನು, ಬೆರಳು ಕಂಡರೂ ಕದಲದ ಕಣ್ಣು ತನ್ನದೇ ಮುಖದ ಹಿಂದೆ ಹೋಗುವುದುಂಟು. ನಮ್ಮಲ್ಲಿ ತಿಂಗಳುಗಟ್ಟಲೆ ಯಾರೂ ಕನ್ನಡಿ ಹಿಡಿಯಲೇ ಇಲ್ಲ. ಕೊನೆಗೆ ಬೇರೊಬ್ಬ ವೈದ್ಯೆ ಹಿಡಿದಾಗ ಅವನ ಕಣ್ಣು ಹಿಂಬಾಲಿಸಿತು. ಕರೆಂಟಿನಿಂದ ಬಂದದ್ದಾ, ಮೊದಲೇ ಇತ್ತಾ? ಮೊದಲಿನ ಅಂಕವೇ ಇಲ್ಲದ ಮೇಲೆ ಹೇಗೆ ಹೇಳುವುದು? ಅಷ್ಟರಲ್ಲಿ ಫೈಲಿನ ಆ ಒಂದು ಪದ ನೋಡಿ ಪುನಶ್ಚೇತನ ಕೇಂದ್ರದವರು ಸೇರಿಸಿಕೊಂಡಿರಲಿಲ್ಲ. ಅವನ ಎದುರೇ, ಕೇಳಿಸುವುದಿಲ್ಲ ಎಂದುಕೊಂಡು, ಆಡಬಾರದ್ದನ್ನೆಲ್ಲ ಆಡಿದ್ದೆವು.

ಇದು ನಮ್ಮೊಬ್ಬರ ಕಥೆಯಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವೈದ್ಯರ ತಂಡವೇ ವೆಜಿಟೇಟಿವ್ ಎಂದಿದ್ದ 44 ಮಂದಿಯಲ್ಲಿ 18 ಮಂದಿಗೆ ಈ ಪರೀಕ್ಷೆಯಲ್ಲಿ ಅಷ್ಟಿಷ್ಟು ಪ್ರಜ್ಞೆ ಇರುವುದು ಕಂಡಿತು.

ಕುತ್ತಿಗೆಯ ವೇಗಸ್ ನರದ್ದು ಬೇರೆ ಮಾತು. 2017ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ 15 ವರ್ಷ ಹಾಗೇ ಮಲಗಿದ್ದ 35ರ ವ್ಯಕ್ತಿಗೆ ಎದೆಯಲ್ಲಿ ಸಾಧನ ಕೂರಿಸಿ ಈ ನರಕ್ಕೆ ಕರೆಂಟ್ ಕೊಟ್ಟರು. ತಿಂಗಳಲ್ಲಿ ವಸ್ತುಗಳ ಕಡೆ ಕಣ್ಣು ಹೊರಳಿಸಿದ, ಹೇಳಿದರೆ ತಲೆ ತಿರುಗಿಸಿದ. ದೊಡ್ಡ ಸುದ್ದಿಯೇ, ಆದರೆ ಅದು ಒಬ್ಬ ವ್ಯಕ್ತಿಯ ವರದಿ, ಮತ್ತು ಅವನು ಎದ್ದು ಮಾತಾಡಲಿಲ್ಲ. ಇದನ್ನು ತೋರಿಸಿ ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಕೊಡಬೇಡಿ.

ಅದಕ್ಕಿಂತ ಅಮಾಂಟಡಿನ್ ಎಂಬ ಮಾತ್ರೆಯ ಬಗ್ಗೆ ವೈದ್ಯರನ್ನು ಇವತ್ತೇ ಕೇಳಿ. ತಲೆಗೆ ಪೆಟ್ಟು ಬಿದ್ದು 4ರಿಂದ 16 ವಾರದ ಒಳಗಿದ್ದ 184 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಮಾತ್ರೆ ಕೊಟ್ಟಷ್ಟು ದಿನ ಚೇತರಿಕೆ ಜೋರಾಗಿತ್ತು. ನಿಮ್ಮ ಅಣ್ಣ ಆ ಅವಧಿಯ ಅಂಚಿನಲ್ಲಿದ್ದಾರೆ. ಫಿಟ್ಸ್ ಬಂದಿದ್ದರೆ ಮೊದಲೇ ಹೇಳಿ. ಮಂಪರು ಬರಿಸುವ ಮಾತ್ರೆ ಯಾವುದಾದರೂ ಸುಮ್ನೆ ಮುಂದುವರಿಯುತ್ತಿದೆಯಾ ಅಂತಲೂ ವಿಚಾರಿಸಿ. ಇಷ್ಟೆಲ್ಲ ಆಗಿ, ಅಂಕ ಬರೆದಿಟ್ಟುಕೊಂಡ ಮೇಲೂ ಮಣಿಕಟ್ಟಿನದು ಮಾಡಿಸಬೇಕೆನಿಸಿದರೆ, ಪೇಸ್‌ಮೇಕರ್ ಇಲ್ಲ ಅಂತಾದರೆ, ನಿಮ್ಮ ನ್ಯೂರಾಲಜಿಸ್ಟ್ ಒಪ್ಪಿದರೆ ಮಾಡಿಸಿ.